ಬೆಳಕಿನಿಂದ ಚುರುಕಾಗುವ ಕ್ಯಾನ್ಸರ್ ಔಷಧಿಯ ವಾಹಕ ನ್ಯಾನೋಕಣಗಳು

ಬೆಳಕು ಬಿದ್ದಾಗ ಮಾತ್ರ ಕೆಲಸ ಮಾಡುವ ಔಷಧಿಯನ್ನು ಗಡ್ಡೆಯವರೆಗೆ ಹೊತ್ತೊಯ್ದು, ಆಮೇಲೆ ದೇಹದಲ್ಲೇ ಕರಗಿಹೋಗುವ ಅತಿಸೂಕ್ಷ್ಮ ಕಣಗಳು. ಇವುಗಳ ನೆರವು ಪಡೆಯುವ ಫೋಟೋಡೈನಾಮಿಕ್ ಚಿಕಿತ್ಸೆಯ ಚರಿತ್ರೆಯಲ್ಲಿ ಔಷಧಿಗಿಂತ ಹೆಚ್ಚು ಕಾಡಿದ್ದು ಅದರ ಸಾಗಾಟ.

ಔಷಧಿಗೆ ಬೆಳಕನ್ನು ಜೋಡಿಸುವ ಯೋಚನೆ ಹಳೆಯದು: ಬಾವಂಚಿ ಬೀಜದ ಲೇಪ ಹಚ್ಚಿ ಬಿಸಿಲಿಗೆ ಮೈಯೊಡ್ಡಿ ತೊನ್ನಿಗೆ ಚಿಕಿತ್ಸೆ ಮಾಡುವುದು ಆಯುರ್ವೇದದ ಹಳೆಯ ಪದ್ಧತಿ. ಅಕ್ರಿಡಿನ್ ಎಂಬ ಬಣ್ಣ ಬೆರೆಸಿದ ನೀರಿನಲ್ಲಿ ಪ್ಯಾರಮೀಸಿಯಂ ಎಂಬ ಸೂಕ್ಷ್ಮ ಜೀವಿಗಳು ಬೆಳಕಿದ್ದರೆ ಬೇಗ ಸಾಯುತ್ತವೆ ಎಂದು ಮ್ಯೂನಿಕ್‌ನ ವಿದ್ಯಾರ್ಥಿ ಆಸ್ಕರ್ ರಾಬ್ 1900ರಲ್ಲಿ ಪ್ರಕಟಿಸಿದ. 1903ರಲ್ಲಿ ಅವನ ಗುರು ಹರ್ಮನ್ ಫಾನ್ ಟಾಪೈನರ್, ಯೆಸಿಯೊನೆಕ್ ಎಂಬ ವೈದ್ಯನ ಜತೆಗೂಡಿ, ಚರ್ಮದ ಗಡ್ಡೆಗೆ ಇಯೋಸಿನ್ ಎಂಬ ಬಣ್ಣ ಹಚ್ಚಿ ಬೆಳಕು ಹಾಯಿಸಿದ. ಇಂಥ ಔಷಧಿ ತಾನು ಹೀರಿದ ಬೆಳಕಿನ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಹಾಗೆ ಕೆರಳಿದ ಆಮ್ಲಜನಕ ಕ್ಷಣಮಾತ್ರ ಬಾಳಿ, ಹತ್ತಿರದ ಜೀವಕೋಶವನ್ನಷ್ಟೇ ಕೊಲ್ಲುತ್ತದೆ.

ಔಷಧಿ ಮೈಯೆಲ್ಲ ಹರಡಿದರೆ ಏನಾಗುತ್ತದೆಂಬುದನ್ನು ಜರ್ಮನಿಯ ಫ್ರೀಡ್ರಿಶ್ ಮೇಯರ್-ಬೆಟ್ಸ್ ತನ್ನ ಮೇಲೆಯೇ ಪ್ರಯೋಗಿಸಿ ನೋಡಿದ. 1912ರಲ್ಲಿ 200 ಮಿಲಿಗ್ರಾಂ ಹೆಮಟೊಪಾರ್ಫಿರಿನ್ ಎಂಬ ಬೆಳಕಿನ ಔಷಧಿ ಚುಚ್ಚಿಕೊಂಡ ಅವನ ಮುಖ ಬಿಸಿಲಿಗೆ ಬಾತುಹೋಯಿತು. ತಿಂಗಳುಗಟ್ಟಲೆ ಬಿಸಿಲು ಅವನಿಗೆ ಆಗಿಬರಲಿಲ್ಲ. ಅಮೆರಿಕದ ಬಫಲೋದಲ್ಲಿ ಥಾಮಸ್ ಡಗರ್ಟಿ 1970ರ ದಶಕದಲ್ಲಿ ಈ ಚಿಕಿತ್ಸೆಯನ್ನು ರೋಗಿಗಳವರೆಗೆ ತಂದರು. 1993ರಲ್ಲಿ ಕೆನಡಾ ಇಂಥ ಔಷಧಿಯಾದ ಫೋಟೋಫ್ರಿನ್‌ಗೆ ಒಪ್ಪಿಗೆ ಕೊಟ್ಟಿತು. ಆದರೂ ರೋಗಿ ವಾರಗಟ್ಟಲೆ ಬಿಸಿಲು ತಪ್ಪಿಸಿಕೊಂಡೇ ಇರಬೇಕಿತ್ತು. ಜತೆಗೆ ಇಂಥ ಹಲವು ಔಷಧಿಗಳು ನೀರಿನಲ್ಲಿ ಕರಗದೆ ಗಂಟುಕಟ್ಟಿ ಸತ್ವ ಕಳೆದುಕೊಳ್ಳುತ್ತವೆ.

ಪರಿಹಾರ ಸಿಕ್ಕಿದ್ದು ಹೊಲಿಗೆ ದಾರದಲ್ಲಿ. ಶಸ್ತ್ರಚಿಕಿತ್ಸೆಯ ನಂತರ ತಾನಾಗಿ ಕರಗುವ ದಾರಕ್ಕೆ 1970ರ ದಶಕದಿಂದ ಬಳಕೆಯಾದ ಲ್ಯಾಕ್ಟಿಕ್, ಗ್ಲೈಕಾಲಿಕ್ ಆಮ್ಲಗಳ ಪಾಲಿಮರ್ ದೇಹದೊಳಗೆ ನೀರಿನ ಸಂಪರ್ಕದಿಂದ ಒಡೆದು, ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಹೊರಹೋಗುತ್ತದೆ. 1990ರ ದಶಕದಲ್ಲಿ ಎರಿಕ್ ಅಲೆಮಾನ್, ರಾಬರ್ಟ್ ಗುರ್ನಿ ಮೊದಲಾದ ವಿಜ್ಞಾನಿಗಳು ಈ ಬಗೆಯ ಪಾಲಿಮರ್ ಕಣಗಳಲ್ಲಿ ಬೆಳಕಿನ ಔಷಧಿ ತುಂಬಿದರು. 2003ರಲ್ಲಿ ಇಂದ್ರಜಿತ್ ರಾಯ್, ಪಾರಸ್ ಪ್ರಸಾದ್ ಮತ್ತು ಸಂಗಡಿಗರು ಸಿಲಿಕಾ ಕಣ ಮುಂದಿಟ್ಟರು: ಅದರ ರಂಧ್ರಗಳಲ್ಲಿ ಆಮ್ಲಜನಕ ಓಡಾಡುವುದರಿಂದ ಔಷಧಿ ಹೊರಬರುವ ಅಗತ್ಯವೇ ಇಲ್ಲ. ಜಾಣ ಉಪಾಯ ನಿಜ. ಆದರೆ ಕೆಲಸ ಮುಗಿದ ಮೇಲೆ ಕಣ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಕರಗುವ ಪಾಲಿಮರ್ ಕೊಡುವ ಉತ್ತರವೇ ಮೇಲು.

ಕರ್ನಾಟಕದ ಕೊಡುಗೆ ಕಣಕ್ಕಿಂತ ಔಷಧಿಯ ಕಡೆಯಿಂದ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಖಿಲ್ ಚಕ್ರವರ್ತಿಯವರ ಬಳಗ ತಾಮ್ರ, ಕಬ್ಬಿಣ, ವನೇಡಿಯಂ ಸಂಯುಕ್ತಗಳನ್ನು ಬೆಳಕಿನಡಿ ಪರೀಕ್ಷಿಸುತ್ತ ಬಂದಿತು. 2015ರಲ್ಲಿ ಪಟೂರು ಕೊಂಡಯ್ಯನವರ ಸಹಯೋಗದಲ್ಲಿ ಅದು ಅರಿಸಿನದ ಕರ್ಕ್ಯುಮಿನ್ ಅನ್ನು ಪ್ಲಾಟಿನಂಗೆ ಜೋಡಿಸಿತು. ಒಂಟಿಯಾಗಿ ಬೇಗ ಕೆಡುವ ಕರ್ಕ್ಯುಮಿನ್ ಈ ಜೋಡಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಬೆಳಕು ಬಿದ್ದಾಗ ಬಿಡುಗಡೆಯಾಗುತ್ತದೆ.

ಪಾಲಿಮರ್ ಕಣಗಳ ಕೆಲಸ ಹೆಚ್ಚಾಗಿ ಪ್ರಯೋಗಾಲಯದಲ್ಲೇ ಉಳಿದಿದೆ. ಕೆಂಪು ಬೆಳಕು ಮಾಂಸದೊಳಗೆ ಒಂದು ಸೆಂಟಿಮೀಟರ್ ಇಳಿದರೆ ಹೆಚ್ಚು. ಹಾಗಾಗಿ ಈ ಚಿಕಿತ್ಸೆಯ ಫಲ ದೊರೆಯುವುದು ಬಾಯಿಯಂಥ ಕಡೆ ಬೇಗ ಪತ್ತೆಯಾದ ಸಣ್ಣ ಗಡ್ಡೆಗಳಿಗೆ. ಗಡ್ಡೆ ಹಾಗೆ ಬೇಗ ಪತ್ತೆಯಾಗಬೇಕಾದರೆ, ತಂಬಾಕು ಜಗಿಯುವವರು ಬಾಯಿಯ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.