ಗೋಲಿ ಉರುಳಿಸಿದ ಸಿಂಪ್ಯೂಟರ್

ಡೊಂಬಿವಲಿಯಲ್ಲಿ ಬೆಳಗಿನ ಲೋಕಲ್ ಹತ್ತಿದರೆ ಠಾಣೆ ದಾಟುವ ತನಕ ನಮಗೆ ಕಾಣುವುದು ಬಗ್ಗಿದ ತಲೆಗಳೇ. ಪಕ್ಕದ ಹುಡುಗ ಮೊಬೈಲಿನಲ್ಲಿ ಕಾರು ಓಡಿಸುತ್ತಿರುತ್ತಾನೆ. ಕಾರು ತಿರುಗಬೇಕಾದಾಗ ಮೊಬೈಲನ್ನೇ ಓರೆ ಮಾಡುತ್ತಾನೆ. ಈ ಚಮತ್ಕಾರವೆಲ್ಲ ಜಪಾನು, ಅಮೇರಿಕಗಳದ್ದೇ ಎಂದು ನಾವು ತಿಳಿದಿರುವುದು ಸಹಜ. ಆದರೆ 2004ರಲ್ಲಿ ನಮ್ಮ ಬೆಂಗಳೂರಿನಲ್ಲೇ ತಯಾರಾದ ಅಂಗೈಯಗಲದ ಯಂತ್ರವೊಂದನ್ನು ಹೀಗೆ ಓರೆ ಮಾಡಿ ಗೋಲಿ ಉರುಳಿಸಬಹುದಿತ್ತು. ಅದರ ಹೆಸರು ಅಮಿಡಾ ಸಿಂಪ್ಯೂಟರ್. ಇಂದು ಅದರ ನೆನಪಿರುವವರು ವಿರಳ.

ಅಂಗೈಯಲ್ಲಿ ಹಿಡಿದು ಆಡುವ ಯಂತ್ರಗಳ ಇತಿಹಾಸವೆಂದರೆ ಹಳೆಯದನ್ನು ಬಿಚ್ಚಿ ಮತ್ತೆ ಕಟ್ಟುವ ಇತಿಹಾಸ. ಜಪಾನಿನ ನಿಂಟೆಂಡೊ ಕಂಪನಿಯ ಗೇಮ್ ಬಾಯ್ 1989ರಲ್ಲಿ ಬಂದಾಗ ಅದಕ್ಕೆ ನಾಲ್ಕು ಪೆನ್ಸಿಲ್ ಸೆಲ್ ಬೇಕಿತ್ತು. 1996ರಲ್ಲಿ ಅದನ್ನೇ ಕಿರಿದಾಗಿಸಿ, ರಿಮೋಟಿಗೆ ಹಾಕುವಂಥ ಎರಡು ಸಣ್ಣ ಸೆಲ್‌ಗಳಿಗೆ ಇಳಿಸಿದರು. 2001ರ ಗೇಮ್ ಬಾಯ್ ಅಡ್ವಾನ್ಸ್‌ನ ಪರದೆ ಮಬ್ಬು ಬೆಳಕಿನಲ್ಲಿ ಸರಿಯಾಗಿ ಕಾಣದು ಎಂಬ ದೂರಿತ್ತು. ಎರಡೇ ವರ್ಷಗಳಲ್ಲಿ ಪರದೆಗೆ ದೀಪ, ಮಡಚುವ ಮೈ, ಚಾರ್ಜ್ ಮಾಡಬಹುದಾದ ಬ್ಯಾಟರಿ ಕೊಟ್ಟು ಹೊಸ ರೂಪ ತಂದರು. ಆಡುವವನು ಅವನೇ, ಅವನ ತೊಂದರೆ ಕಡಿಮೆಯಾಯಿತು. ನಮ್ಮ ಬಾಲ್ಯಕ್ಕೆ ಇವೆಲ್ಲ ಎಟುಕುವಂಥವಲ್ಲ. ನಮಗೆ ದಕ್ಕಿದ್ದು ಇಟ್ಟಿಗೆ ಜೋಡಿಸುವ ಬ್ರಿಕ್ ಗೇಮ್. ಅದೂ ಚಾಳಿನ ಮಕ್ಕಳಿಗೆಲ್ಲ ಸೇರಿ ಒಂದು, ಸರದಿಯ ಮೇಲೆ.

ಸಿಂಪ್ಯೂಟರನ್ನೂ ಹೀಗೆಯೇ ಮರುರೂಪಿಸಿದರು. ಆದರೆ ಅಲ್ಲಿ ಯಂತ್ರದ ಜೊತೆಗೆ ಅದನ್ನು ಹಿಡಿಯುವ ಕೈಯೂ ಬದಲಾಯಿತು. ನಾವು ಹೇಳಹೊರಟ ಕಥೆ ಇದೇ.

1998ರಲ್ಲಿ ಬೆಂಗಳೂರಿನ ಒಂದು ಅಂತರರಾಷ್ಟ್ರೀಯ ವಿಚಾರಗೋಷ್ಠಿಯಲ್ಲಿ, ಗಣಕಯಂತ್ರ ಹಳ್ಳಿಯ ಬಡವನಿಗೆ ಒದಗುವುದು ಹೇಗೆ ಎಂಬ ಚರ್ಚೆ ನಡೆಯಿತು. ಮರುವರ್ಷ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಸಂಗಡಿಗರು, ಒಟ್ಟು ಏಳು ಮಂದಿ, ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಸರಳ, ಅಗ್ಗ, ಬಹುಭಾಷಿಕ ಎಂಬರ್ಥದ ಇಂಗ್ಲಿಷ್ ಪದಗಳಿಂದ ಯಂತ್ರದ ಹೆಸರು ಹುಟ್ಟಿತು. 2001ರ ಏಪ್ರಿಲ್‌ನಲ್ಲಿ ಅದರ ಮಾದರಿ ಜನರೆದುರು ಬಂತು.

ಆ ಮೊದಲ ಸಿಂಪ್ಯೂಟರಿನ ಒಂದೊಂದು ಭಾಗವೂ ಹಳ್ಳಿಯನ್ನು ನೆನೆದೇ ಇಟ್ಟಂತಿತ್ತು. ಟೈಪು ಬಾರದವರಿಗೆಂದು ಕೀಲಿಮಣೆಯ ಬದಲು ಕಡ್ಡಿಯಿಂದ ಮುಟ್ಟುವ ಪರದೆ. ದರ ಇಳಿಸಲು ಬಣ್ಣವಿಲ್ಲದ ಚಿತ್ರ. ಮೂರು ಸಣ್ಣ ಸೆಲ್‌ಗಳ ಶಕ್ತಿ. ಒಳಗೆ 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್. ಕ್ರಯ ಕೊಡಬೇಕಿಲ್ಲದ ಲಿನಕ್ಸ್ ವ್ಯವಸ್ಥೆ. ಎಲ್ಲಕ್ಕಿಂತ ಜಾಣತನದ ಭಾಗವೆಂದರೆ ಸ್ಮಾರ್ಟ್ ಕಾರ್ಡಿನ ಸಂದು: ಹಳ್ಳಿಗೊಂದು ಯಂತ್ರ, ಆಳಿಗೊಂದು ಕಾರ್ಡು, ತನ್ನ ಕಾರ್ಡು ತೂರಿಸಿದರೆ ಆ ಹೊತ್ತಿಗೆ ಯಂತ್ರ ಅವನದೇ. ಚಾಳಿನ ಬ್ರಿಕ್ ಗೇಮಿನ ಹಾಗೆ, ಸರದಿಯ ಮೇಲೆ. ಅಕ್ಷರ ಬಾರದವರಿಗಾಗಿ ಅದು ಪರದೆಯ ಬರಹವನ್ನು ಓದಿಯೂ ಹೇಳುತ್ತಿತ್ತು, ಕನ್ನಡದಲ್ಲಿ ಕೂಡ.

ಗುರಿಯಿಟ್ಟ ಬೆಲೆ ಸುಮಾರು 9,000 ರೂಪಾಯಿ. ಆದರೆ ಆ ದರ ಕೈಗೂಡಬೇಕಾದರೆ ಲಕ್ಷಗಟ್ಟಲೆ ತಯಾರಾಗಬೇಕು. ಲಕ್ಷಗಟ್ಟಲೆ ತಯಾರಾಗಬೇಕಾದರೆ ಕೊಳ್ಳುವವರು ಬೇಕು. ಹಳ್ಳಿಯ ಪರವಾಗಿ ಅಷ್ಟು ದೊಡ್ಡ ಖರೀದಿ ಮಾಡಲು ಯಾರೂ ಮುಂದೆ ಬರಲಿಲ್ಲ. ಕರ್ನಾಟಕ ಸರಕಾರ ಭೂದಾಖಲೆಯ ಕೆಲಸಕ್ಕೆ ಕೆಲವನ್ನು ಬಳಸಿತು. ಮುಂಬಯಿಯ ಮಹೀಂದ್ರ ಕಂಪನಿ ವಾಹನಗಳ ಎಂಜಿನ್ ತಪಾಸಣೆಗೆ ಬಳಸಿತು. ಅಷ್ಟರಿಂದ ಲಕ್ಷ ತುಂಬುವುದೆಲ್ಲಿ?

2004ರ ಮಾರ್ಚ್‌ನಲ್ಲಿ ಬಂದ ಅಮಿಡಾ, ನಗರದ ಗಿರಾಕಿಯ ಮೇಲೆ ಕಣ್ಣಿಟ್ಟ ಹೊಸ ರೂಪ. ಅದನ್ನು ಮಾರುಕಟ್ಟೆಗೆ ತಂದದ್ದು ಪೈಕೋಪೀಟಾ ಕಂಪನಿ. ತಯಾರಿಸಿದ್ದು ನಮ್ಮ ನವಿಮುಂಬಯಿಯ ತಳೋಜಾದಲ್ಲೂ ಘಟಕವುಳ್ಳ ಭಾರತ್ ಎಲೆಕ್ಟ್ರಾನಿಕ್ಸ್, ತನ್ನ ಬೆಂಗಳೂರಿನ ಕಾರ್ಖಾನೆಯಲ್ಲಿ. ಪ್ರೊಸೆಸರ್ ಹಳೆಯದೇ ಉಳಿಯಿತು, ನೆನಪಿನ ಶಕ್ತಿ 64 ಮೆಗಾಬೈಟಿಗೆ ಏರಿತು. ಮೇಲ್ದರ್ಜೆಯ ಮಾದರಿಗೆ ಬಣ್ಣದ ಪರದೆ. ಜೊತೆಗೆ, ಯಂತ್ರ ಎತ್ತ ವಾಲಿತೆಂದು ಅರಿಯುವ ಆಕ್ಸೆಲರೋಮೀಟರ್ ಎಂಬ ಪುಟ್ಟ ಚಿಪ್ಪು. ಇದರ ಬಲದಿಂದಲೇ ಗೋಲ್‌ಗೋಲಿ ಎಂಬ ಆಟದಲ್ಲಿ ಗೋಲಿ ಉರುಳುತ್ತಿದ್ದುದು. ನಿಂಟೆಂಡೊ 2000ದಲ್ಲಿ ಒಂದು ಆಟದ ಕಾರ್ಟ್ರಿಜ್‌ನೊಳಗೆ ಇಂಥ ಚಿಪ್ಪನ್ನಿಟ್ಟಿತ್ತು, ನಿಜ. ಆದರೆ ಯಂತ್ರದ ಮೈಯೊಳಗೇ ಅದನ್ನು ಇಟ್ಟ ಅಮಿಡಾ, ಐಫೋನ್‌ಗಿಂತ ಮೂರು ವರ್ಷ ಮುಂಚೆ ಬಂದದ್ದು.

ಬೆಲೆ ಮಾತ್ರ ಹತ್ತು ಸಾವಿರದ ಆಸುಪಾಸಿನಿಂದ ಆರಂಭವಾಗಿ, ಬಣ್ಣದ ಮಾದರಿಗೆ ಇಪ್ಪತ್ತು ಸಾವಿರದ ತನಕ ಹೋಯಿತು. ಆಗ ಕೇಂದ್ರ ಸರಕಾರದ ಕಿರಿಯ ಗುಮಾಸ್ತರಾದ ನಮ್ಮ ಮೂಲವೇತನದ ಶ್ರೇಣಿ 3050-4590. ಅತಿ ಅಗ್ಗದ ಅಮಿಡಾಕ್ಕೂ ಹೊಸದಾಗಿ ಸೇರಿದವನ ಮೂರು ತಿಂಗಳ ಮೂಲವೇತನ ಸಾಲದು. ಬಿ.ಎಸ್ಸಿ. ಓದಿದ ನಾವು ಪತ್ರಿಕೆಯಲ್ಲಿ ಅದರ ಸುದ್ದಿ ಓದಿ ಹೆಮ್ಮೆಪಟ್ಟೆವು, ಕೊಳ್ಳಲಿಲ್ಲ. ಕೊಳ್ಳಬಲ್ಲವರ ಕಣ್ಣು ಮೊಬೈಲಿನ ಮೇಲಿತ್ತು. 50,000ದ ಗುರಿಗೆ 2005ರ ಹೊತ್ತಿಗೆ ಮಾರಾಟವಾದದ್ದು ಸುಮಾರು 4,000. ಪೈಕೋಪೀಟಾವನ್ನು ಮುಂದೆ ಮುಂಬಯಿಯ ಜಿಯೋಡೆಸಿಕ್ ಕಂಪನಿ ಕೊಂಡಿತು. ಯಂತ್ರ ಮೆಲ್ಲಗೆ ಮರೆಯಾಯಿತು. ಹಳ್ಳಿಯವನಿಗೆ ದುಬಾರಿಯಾಗಿ, ಪಟ್ಟಣದವನಿಗೆ ಬೇಡವಾಗಿ, ಅತ್ತ ದರಿ ಇತ್ತ ಪುಲಿ ಎಂಬಂತಾಯಿತು ಅದರ ಪಾಡು.

ಆದರೂ ಒಂದು ಅಂಗ ಬದುಕಿ ಉಳಿಯಿತು. ಸಿಂಪ್ಯೂಟರಿಗಾಗಿ ರಮೇಶ್ ಹರಿಹರನ್ ಅವರು ಆರಂಭಿಸಿದ 'ಧ್ವನಿ' ಎಂಬ ಓದುವ ತಂತ್ರಾಂಶ ಎಲ್ಲರಿಗೂ ಮುಕ್ತವಾಗಿತ್ತು. ಮುಂದೆ ಬೇರೆ ತರುಣರು ಅದನ್ನು ಬೆಳೆಸಿ ಹಲವು ಭಾರತೀಯ ಭಾಷೆಗಳನ್ನು ನುಡಿಸಿದರು. ಯಂತ್ರ ಹೋಯಿತು, ದನಿ ಉಳಿಯಿತು.

ಈ ಮಾತು ನಮಗೇಕೆ ಮುಖ್ಯವೆಂದರೆ, ಈ ಮಾಸಿಕ ಮನೆಗೆ ಬಂದಾಗಲೆಲ್ಲ ನಮ್ಮ ಮಗಳು ಚಿತ್ರ ನೋಡಿ, "ಅಪ್ಪಾ, ಏನ್ ಬರ್ದಾರ, ಓದಿ ಹೇಳು" ಎನ್ನುತ್ತಾಳೆ. ಮರಾಠಿ, ಹಿಂದಿ, ಇಂಗ್ಲಿಷುಗಳನ್ನು ಸರಾಗವಾಗಿ ಓದುವ ಹುಡುಗಿ ಅವಳು. ಅಜ್ಜಿಯೊಡನೆ ಕನ್ನಡ ಮಾತಾಡುತ್ತಾಳೆ, ಅಕ್ಷರ ಮಾತ್ರ ಗೊತ್ತಿಲ್ಲ. ಕಲ್ಯಾಣ, ಠಾಣೆ, ನವಿಮುಂಬಯಿಗಳ ಎಷ್ಟು ಕನ್ನಡ ಮನೆಗಳಲ್ಲಿ ಇದೇ ಕಥೆಯಲ್ಲವೆ? ಮಾತು ಬಲ್ಲ, ಓದು ಬಾರದ ಹಳ್ಳಿಗನಿಗಾಗಿ ಬೆಂಗಳೂರಿನ ಆ ಏಳು ಮಂದಿ ಯಂತ್ರ ಕಟ್ಟಿದರು. ಅಂಥ ಓದುಗ ನಮ್ಮ ಮನೆಯಲ್ಲೇ ಬೆಳೆಯುತ್ತಿರುವುದು ನಮಗೆ ತಡವಾಗಿ ಹೊಳೆಯಿತು.

ಈಗಿನ ಮೊಬೈಲುಗಳೂ ಕನ್ನಡ ಓದಿ ಹೇಳುತ್ತವೆ. ಹೇಳಲಿ. ನಾವಂತೂ ಪ್ರತಿ ರವಿವಾರ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಾಲಿನ ಮೇಲೆ ಬೆರಳಿಟ್ಟು ಈ ಪುಟಗಳನ್ನು ಓದತೊಡಗಿದ್ದೇವೆ. ಕಳೆದ ವಾರ 'ಗೋಲಿ' ಎಂಬ ಪದವನ್ನು ಅವಳೇ ಓದಿದಳು.