ಒರತೆಯಲ್ಲಿ ಸಿಕ್ಕ ಲೋಕ

ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಮರಳಲ್ಲಿ ಗುಂಡಿ ತೋಡಿ, ಒರತೆ ಜಿನುಗಿದ ಮೇಲೆ ಚೊಂಬಲ್ಲಿ ಮೊಗೆಯುವುದು ನಮ್ಮೂರುಗಳ ಹಳೇ ವಿದ್ಯೆ. ಇದೇ ವಿದ್ಯೆಯಿಂದ ವಿಜ್ಞಾನಕ್ಕೊಂದು ಹೊಸ ಲೋಕ ಸಿಕ್ಕಿತು ಅಂದ್ರೆ ನಂಬ್ತೀರಾ?

1882ರಲ್ಲಿ ಪ್ರಾಗ್ ನಗರದ ಬಾವಿಯೊಂದರಲ್ಲಿ ವೆಜ್ದೋವ್‌ಸ್ಕಿ ಎಂಬ ವಿಜ್ಞಾನಿಗೆ ಕಣ್ಣಿಲ್ಲದ, ಬಣ್ಣವಿಲ್ಲದ, ಬರಿಗಣ್ಣಿಗೆ ಕಂಡೂ ಕಾಣದಷ್ಟು ಪುಟ್ಟ ಜೀವಿ ಸಿಕ್ಕಿತು. ಸೀಗಡಿ, ಏಡಿಗಳ ದೂರದ ನೆಂಟ. ಹೆಸರು ಬ್ಯಾತಿನೆಲ್ಲಾ. ಇಂಥವು ಬಾವಿ, ಗುಹೆಗಳಲ್ಲಷ್ಟೇ ಇರುತ್ತವೆ ಅಂತ ಬಹಳ ಕಾಲ ಅಲ್ಲೇ ಹುಡುಕಾಟ ನಡೆಯಿತು.

1930ರ ದಶಕದಲ್ಲಿ ಸ್ಟಾಂಕೊ ಕರಮಾನ್ ಬಾಲ್ಕನ್ ನಾಡಿನ ಹೊಳೆದಂಡೆಗಳಲ್ಲಿ ಗುಂಡಿ ತೋಡಿ, ಜಿನುಗಿದ ನೀರನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಸೋಸಿದರು. ನೋಡಿದರೆ ಮರಳಿನ ಸಂದಿಸಂದಿಯಲ್ಲೂ ಜೀವ! ಶಾಪ್ವಿ ಎಂಬ ವಿಜ್ಞಾನಿಯೂ ಇದನ್ನೇ ಬೆಳೆಸಿದ್ದರಿಂದ ವಿಧಾನಕ್ಕೆ ಇಬ್ಬರ ಹೆಸರೂ ಅಂಟಿಕೊಂಡಿತು. 1959ರಲ್ಲಿ ರೊಮೇನಿಯಾದ ಒರ್ಗಿದಾನ್ ಹೊಳೆಯಡಿಯ ಆ ನೆಲೆಗೆ ‘ಹೈಪೊರಿಯಿಕ್’ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ‘ಹರಿವಿನ ಕೆಳಗೆ’ ಅಂತ.

ನಮ್ಮ ಕಡೆಗೆ ಇದು ಬಂದದ್ದು ತಡವಾಗಿ. ಆಂಧ್ರದ ನಾಗಾರ್ಜುನ ವಿಶ್ವವಿದ್ಯಾಲಯದ ವೈ. ರಂಗಾರೆಡ್ಡಿಯವರು 2000ದ ನಂತರ ಕೃಷ್ಣಾ, ಗೋದಾವರಿ ಸೀಮೆಯ ಮರಳಿನಿಂದ, ಅಂತರ್ಜಲದಿಂದ ಹೊಸ ಹೊಸ ಪ್ರಭೇದಗಳನ್ನು ಹೆಕ್ಕಿ ವಿವರಿಸಿದರು. ಅದೇ ಕೃಷ್ಣೆ ನಮ್ಮ ಬಾಗಲಕೋಟೆ, ರಾಯಚೂರು ಜಿಲ್ಲೆಗಳನ್ನು ಹಾದೇ ಅಲ್ಲಿಗೆ ಹೋಗುವುದು.

ಈ ಜೀವಿಗಳಲ್ಲಿ ಹಲವು ಒಂದೊಂದು ಸಣ್ಣ ಜಾಗಕ್ಕೇ ಸೀಮಿತ. ಈಜಿ ದೂರ ಹೋಗಲಾರವು, ಮರಳೇ ಅವುಗಳ ಮನೆ. ನಮಗೋ ಮರಳು ಎಂದರೆ ಲಾರಿ ಲೆಕ್ಕ. ಹೆಸರಿಡುವ ಮೊದಲೇ ಎಷ್ಟು ಪ್ರಭೇದ ಗೋಡೆ ಸೇರಿದವೋ...

ನಿಮ್ಮೂರ ಹೊಳೆಯಲ್ಲಿ ಈಗಲೂ ಒರತೆ ತೋಡುತ್ತಾರಾ? ತೋಡುವಷ್ಟು ಮರಳಾದರೂ ಉಳಿದಿದೆಯಾ?