ಕಿರ್‌ಕೂಬ್ರಿ: ಬರೆಯುವುದೊಂದು, ಕರೆಯುವುದೊಂದು

ಡೊರೊಥಿ ಸೇಯರ್ಸ್ ಅವರ ‘ಫೈವ್ ರೆಡ್ ಹೆರಿಂಗ್ಸ್’ 1931ರಲ್ಲಿ ಬಂದ ಪತ್ತೇದಾರಿ ಕಾದಂಬರಿ. ಸ್ಕಾಟ್ಲೆಂಡಿನ ನೈಋತ್ಯ ಮೂಲೆಯಲ್ಲಿ, ಚಿತ್ರಕಾರರ ನಡುವೆ ನಡೆಯುವ ಕೊಲೆಯ ಕಥೆ ಅದು. ಕಾಲೇಜಿನ ದಿನಗಳಲ್ಲಿ ಅದನ್ನು ಓದಿದಾಗ ಅಲ್ಲಿ ಬರುವ ಪಟ್ಟಣದ ಹೆಸರನ್ನು ಅಕ್ಷರ ಕೂಡಿಸಿ ‘ಕಿರ್ಕ್‌ಕಡ್‌ಬ್ರೈಟ್’ ಎಂದುಕೊಂಡೆ. ಎಷ್ಟೋ ವರ್ಷದ ಮೇಲೆ ಒಂದು ಸಣ್ಣ ಗೋಷ್ಠಿಯಲ್ಲಿ ಆ ಕಾದಂಬರಿಯ ಬಗ್ಗೆ ಮಾತಾಡುವಾಗಲೂ ಹಾಗೆಯೇ ಅಂದೆ. ಗೋಷ್ಠಿ ಮುಗಿದ ಮೇಲೆ, ಸ್ಕಾಟ್ಲೆಂಡಿನಲ್ಲಿ ಕೆಲಕಾಲ ಇದ್ದು ಬಂದ ಹಿರಿಯರೊಬ್ಬರು ಹತ್ತಿರ ಕರೆದು, “ಅದು ಕಿರ್‌ಕೂಬ್ರಿ ಕಣಪ್ಪ, ‘ಕೂ’ ಮೇಲೆ ಒತ್ತು ಬರಬೇಕು” ಎಂದರು. ನಾಚಿಕೆಯಾಯಿತು. ಆ ನಾಚಿಕೆಯೇ ಹೆಸರಿನ ಬೆನ್ನು ಹತ್ತುವಂತೆ ಮಾಡಿತು.

ಡೀ ನದಿ ಸಮುದ್ರ ಸೇರುವ ಕಡೆ ಇರುವ ಊರು ಇದು. ‘ಕಿರ್ಕ್’ ಎಂದರೆ ಚರ್ಚು. ನಾರ್ಸ್ ಜನರ ಭಾಷೆಯ ‘ಕಿರ್ಕ್ಯಾ’ದಿಂದ ಬಂದ ಮಾತು. ಉಳಿದದ್ದು ಕತ್‌ಬರ್ಟ್ ಎಂಬ ಸಂತನ ಹೆಸರು. ಆತ ತೀರಿಕೊಂಡದ್ದು 687ರಲ್ಲಿ. ವೈಕಿಂಗರ ದಾಳಿಗೆ ಹೆದರಿ 875ರಲ್ಲಿ ಲಿಂಡಿಸ್‌ಫಾರ್ನ್ ದ್ವೀಪದ ಸನ್ಯಾಸಿಗಳು ಆತನ ಶವಪೆಟ್ಟಿಗೆಯನ್ನು ಹೊತ್ತು ಊರೂರು ಅಲೆದರು. ಆ ಪೆಟ್ಟಿಗೆ ಕೆಲಕಾಲ ಇಲ್ಲಿಯೂ ಇತ್ತೆಂಬುದು ಪ್ರತೀತಿ. ಅಂತೂ ಊರಿನ ಹೆಸರಿನ ಅರ್ಥ ‘ಕತ್‌ಬರ್ಟನ ಗುಡಿ’.

ಹೆಸರಿನ ಜೋಡಣೆಯಲ್ಲೂ ಚರಿತ್ರೆ ಇದೆ. ಇಂಗ್ಲಿಷಿನ ಜಾಯಮಾನಕ್ಕೆ ‘ಕತ್‌ಬರ್ಟ್ಸ್‌ಕಿರ್ಕ್’ ಎಂದಾಗಬೇಕಿತ್ತು. ಇಲ್ಲಿ ಗುಡಿ ಮೊದಲು, ಸಂತ ಆಮೇಲೆ. ಅದು ಗೇಲಿಕ್ ಭಾಷೆಯ ಕ್ರಮ. ಗೇಲಿಕ್‌ನಲ್ಲಿ ಗುಡಿಗೆ ‘ಕಿಲ್’ ಎನ್ನುತ್ತಾರೆ, ಊರಿಗೆ ‘ಕಿಲ್‌ಕಡ್‌ಬ್ರಿಟ್’ ಎಂಬ ಹಳೆಯ ರೂಪವೂ ಇದೆ. ಆ ಸೀಮೆಯಿಂದ ಗೇಲಿಕ್ ಮರೆಯಾಗಿ ಬಹುಕಾಲವಾಯಿತು. ಅದರ ವಾಕ್ಯಕ್ರಮ ಮಾತ್ರ ಊರಿನ ಹೆಸರಿನಲ್ಲಿ ಉಳಿದಿದೆ.

ಇನ್ನು ಆ ‘ಬ್ರೈಟ್’. ಅದನ್ನು ಕಾಗುಣಿತದ ಅವಾಂತರ ಎಂದೇ ತಿಳಿದಿದ್ದೆ. ಹಾಗಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಕೂತ್’ ಎಂದರೆ ಹೆಸರಾಂತ, ‘ಬೆಓರ್ಹ್ಟ್’ ಎಂದರೆ ಬೆಳಗುವ. ಇಂದಿನ ‘ಬ್ರೈಟ್’ ಶಬ್ದವೂ ಅದರಿಂದಲೇ ಬಂದದ್ದು, ರಕಾರ ಜಾಗ ಬದಲಿಸಿದೆ ಅಷ್ಟೆ. ಹೀಗೆ, ನಾಲಿಗೆ ಸವೆಸಿಬಿಟ್ಟ ಸಂತನ ಹೆಸರನ್ನು ಬರಹ ಕಾಪಾಡಿಕೊಂಡಿದೆ.

ಇದನ್ನು ಓದುವಾಗ ನನಗೆ ಹೊಳೆನರಸೀಪುರ ನೆನಪಾಯಿತು. ನರಸಿಂಹಪುರ ಜನರ ಬಾಯಲ್ಲಿ ಸವೆದು ನರಸೀಪುರವಾಯಿತು. ‘ಸಿಂಹ’ದಲ್ಲಿ ‘ಸೀ’ ಮಾತ್ರ ಉಳಿಯಿತು. ಆದರೆ ನಾವು ಬರಹವನ್ನೂ ನಾಲಿಗೆಯ ಹಿಂದೆ ನಡೆಸಿದೆವು. ಅವರು ನಾಲಿಗೆಯನ್ನು ಅದರ ಪಾಡಿಗೆ ಬಿಟ್ಟು, ಬರಹವನ್ನು ಇದ್ದಲ್ಲೇ ಇರಿಸಿದರು.

ಎಲ್ಲ ಕಡೆಯೂ ನಾಲಿಗೆಯೇ ಗೆಲ್ಲುತ್ತದೆ ಎನ್ನುವಂತಿಲ್ಲ. ಕನ್ನಡ ನಾಡಿನ ಕೈಫಿಯತ್ತುಗಳನ್ನು ಓದಿದವರಿಗೆ ಕಾಲಿನ್ ಮೆಕೆಂಜಿಯ ಪರಿಚಯ ಇದ್ದೇ ಇರುತ್ತದೆ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯ ಸರ್ವೆ ಮಾಡಿಸಿದ ಆತ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. ಅವನ ಮನೆತನದ ಹೆಸರಿನ ‘ಜ’ ಮೂಲದಲ್ಲಿ ‘ಜ’ವೇ ಅಲ್ಲ. ಹಳೆಯ ಸ್ಕಾಟ್ಸ್ ಬರಹದಲ್ಲಿ ‘ಯೋಖ್’ ಎಂಬ ಅಕ್ಷರವಿತ್ತು. ನೋಡಲು 3ರ ಅಂಕೆಯ ಹಾಗೆ, ಧ್ವನಿ ಯಕಾರಕ್ಕೆ ಹತ್ತಿರ. ಮುದ್ರಕರ ಬಳಿ ಆ ಅಚ್ಚುಮೊಳೆ ಇಲ್ಲದೆ, ಅದನ್ನೇ ಹೋಲುವ ಇಂಗ್ಲಿಷಿನ ಕೊನೆಯ ಅಕ್ಷರವನ್ನು ಜೋಡಿಸಿದರು. ಕ್ರಮೇಣ ಜನರೂ ಅಚ್ಚಾದಂತೆಯೇ ಓದತೊಡಗಿದರು. ಕಿರ್‌ಕೂಬ್ರಿಯಲ್ಲಿ ನಾಲಿಗೆ ಗೆದ್ದಿತು, ಮೆಕೆಂಜಿಯಲ್ಲಿ ಅಚ್ಚು ಗೆದ್ದಿತು.

ಹಾಗಾದರೆ ಕನ್ನಡದಲ್ಲಿ ಬರೆಯುವಾಗ ಯಾವುದನ್ನು ಹಿಡಿಯಬೇಕು? ಅನುವಾದ ಮಾಡುವವರಿಗೆ ಇದು ದಿನದಿನದ ತಕರಾರು. ಮಡಿಕೇರಿಯನ್ನು ‘ಮರ್ಕಾರಾ’ ಮಾಡಿದರೆಂದು ನಾವು ಬೇಸರಪಟ್ಟವರು. 2014ರಲ್ಲಿ ‘ಬೆಂಗಳೂರು’ ಎಂಬ ಉಚ್ಚಾರವನ್ನು ಇಂಗ್ಲಿಷಿಗೂ ಹತ್ತಿಸಿದವರು. ನಮ್ಮ ಊರಿಗೆ ಕೇಳಿದ ಮರ್ಯಾದೆಯನ್ನು ಪರರ ಊರಿಗೂ ಕೊಡಬೇಕಲ್ಲವೇ? ನಮ್ಮ ಲಿಪಿಗೆ ಅದು ಕಷ್ಟವೂ ಅಲ್ಲ, ಕೇಳಿದ್ದನ್ನು ಕೇಳಿದಂತೆ ಬರೆಯಬಲ್ಲದು. ಮೊದಲ ಸಲ ಕಿರ್‌ಕೂಬ್ರಿ ಎಂದು ಬರೆದು, ಹಿಂದೆಯೇ ‘ಕತ್‌ಬರ್ಟನ ಗುಡಿಯ ಊರು’ ಎಂದು ಒಂದು ಮಾತು ಸೇರಿಸಿದರೆ ಸಂತನೂ ಉಳಿಯುತ್ತಾನೆ, ಊರಿನವರ ಉಲಿಯೂ ಉಳಿಯುತ್ತದೆ. ಆ ಹಿರಿಯರು ಅಂದು ನನ್ನನ್ನು ತಿದ್ದಿದ್ದು ಇಷ್ಟಕ್ಕೇ ಇರಬೇಕು.